ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ: ಹಳೇ ಮನೆಯ ವೈರಿಂಗ್ ಪೂರ್ತಿ ಬದಲಿಸಬೇಕಾ?

ಓದುಗರ ಪ್ರಶ್ನೆ:

"ಸರ್, ನಮ್ಮದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. 1968ರಲ್ಲಿ ಅಜ್ಜ ಕಟ್ಟಿಸಿದ ಹೆಂಚಿನ ಮನೆ, ಮಣ್ಣಿನ ಗೋಡೆ. ಜಗಲಿ, ನಡುಮನೆಯಲ್ಲಿ ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಮಾಡಿದ ವೈರಿಂಗ್ ಈಗಲೂ ಇದೆ. 1994ರಲ್ಲಿ ಹಿಂದುಗಡೆ ಆರ್‌ಸಿಸಿ ಅಡುಗೆಮನೆ, ಬಚ್ಚಲು ಸೇರಿಸಿದರು. ಈಗ ಅಲ್ಲಿ ಫ್ರಿಜ್, ಇಂಡಕ್ಷನ್ ಒಲೆ ಇವೆ. ಗೀಸರ್‌ಗೂ ಅಡುಗೆಮನೆ ಲೈನಿನಿಂದಲೇ ಕರೆಂಟ್ ಎಳೆದಿದ್ದಾರೆ. ಆರು ತಿಂಗಳಿಂದ ಬಚ್ಚಲ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ ಅಂತ ಅಮ್ಮ ಹೇಳುತ್ತಿದ್ದಾರೆ. ಫ್ರಿಜ್ ಬಾಗಿಲು ಮುಟ್ಟಿದರೂ ಹಾಗೇ. ಗೀಸರ್ ಸ್ವಿಚ್ ಆಫ್ ಇದ್ದಾಗಲೂ ಬರುತ್ತದೆ. ಅಡುಗೆಮನೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಪದೇ ಪದೇ ಬೀಳುತ್ತದೆ. ಒಬ್ಬ ಎಲೆಕ್ಟ್ರಿಷಿಯನ್ 16 ಆಂಪಿಯರ್ ತೆಗೆದು 32 ಹಾಕೋಣ ಅಂದರು. ಇನ್ನೊಬ್ಬರು ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಲೈನ್ ಕಡಿಯುವ ಸ್ವಿಚ್) ಹಾಕಿದರು, ಅದು ಬೀಳುತ್ತಲೇ ಇತ್ತು, ಆನ್ ಆಗಿ ನಿಲ್ಲಲೇ ಇಲ್ಲ. ಹಳೇ ಮನೆಗೆ ಇದು ಆಗಿ ಬರಲ್ಲ ಅಂತ ತೆಗೆದುಬಿಟ್ಟರು. ಮೂರನೆಯವರು ಪೂರ್ತಿ ಹೊಸ ವೈರಿಂಗ್‌ಗೆ 1 ಲಕ್ಷ 40 ಸಾವಿರ ಹೇಳಿದ್ದಾರೆ. ಐವತ್ತು ವರ್ಷದಿಂದ ಏನೂ ಆಗಿಲ್ಲ, ಗೋಡೆ ಒಡೆಯಲು ಬಿಡಲ್ಲ ಅನ್ನೋದು ಅಪ್ಪನ ಹಟ. ನಾನಿರುವುದು ಬೆಂಗಳೂರಿನಲ್ಲಿ. ಊರಲ್ಲಿ ಅವರಿಬ್ಬರೇ. ಯಾರ ಮಾತು ಕೇಳಲಿ?"

ಉತ್ತರ:

ಇದನ್ನು ಓದಿದ ಕೂಡಲೇ ಊರಿಗೆ ಫೋನ್ ಮಾಡಿ. ಉಳಿದದ್ದು ಆಮೇಲೆ ಓದಿದರಾಯಿತು.

ಮೇನ್ ಸ್ವಿಚ್ ಆಫ್ ಮಾಡಿ, ಗೀಸರ್ ಪ್ಲಗ್ ಕಿತ್ತಿಡಲಿ. ಫ್ರಿಜ್ ಪ್ಲಗ್ಗೂ ತೆಗೆಯಲಿ. ಬಾವಿಗೆ ಪಂಪ್ ಇದ್ದರೆ ಅದನ್ನೂ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಸ್ನಾನಕ್ಕೆ ಹೋಗುವ ಮುಂಚೆ ಮೇನ್ ಆಫ್ ಮಾಡಿಯೇ ಹೋಗಲಿ. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಬೇಕು. ಮೇನ್ ಆಫ್ ಆದರೂ ಯುಪಿಎಸ್ ಲೈನಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಬಚ್ಚಲಲ್ಲಿ ಹಂಡೆ, ಒಲೆ ಇನ್ನೂ ಇದ್ದರೆ ಕೆಲವು ದಿನ ಅದರಲ್ಲೇ ನೀರು ಕಾಯಿಸಿಕೊಳ್ಳಲಿ. ಈಗ ಬರುತ್ತಾ ನೋಡೋಣ ಅಂತ ಯಾರೂ ನಲ್ಲಿ ಮುಟ್ಟಿ ನೋಡುವುದು ಬೇಡ.

ಇಷ್ಟು ಅವಸರ ಯಾಕೆ ಅಂದರೆ, ಜುಮ್ ಅನ್ನುವುದು ಚಿಕ್ಕ ಶಾಕ್, ದೊಡ್ಡ ಶಾಕ್ ಬೇರೆಯೇ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ನಲ್ಲಿಯಲ್ಲಿ ಇರುವ ಕರೆಂಟ್ ಒಂದೇ. ಒಣಗಿದ ಕೈ, ಒಣಗಿದ ನೆಲ, ಕಾಲಲ್ಲಿ ಚಪ್ಪಲಿ ಇದ್ದರೆ ಮೈಯೊಳಗೆ ಹರಿಯುವುದು ಕಡಿಮೆ, ಆಗ ಜುಮ್ ಅನ್ನುತ್ತದೆ. ಮೈಯೆಲ್ಲ ಒದ್ದೆ, ಒದ್ದೆ ಕಲ್ಲಿನ ಮೇಲೆ ಬರಿಗಾಲು ಇದ್ದರೆ ಅದೇ ನಲ್ಲಿ ಜೀವ ತೆಗೆಯಬಹುದು. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಕೈ ಬಿಗಿದುಕೊಂಡು ಬಿಡಿಸಿಕೊಳ್ಳಲು ಆಗದಂತಾಗುತ್ತದೆ. ಒಂದು ಸಣ್ಣ ಎಲ್‌ಇಡಿ ಬಲ್ಬ್ ಉರಿಯಲು ಇದಕ್ಕಿಂತ ಜಾಸ್ತಿ ಕರೆಂಟ್ ಬೇಕು.

ಮೂವತ್ತು ವರ್ಷದಿಂದ ಮಲೆನಾಡಿನ ಹಳೇ ಮನೆಗಳ ವೈರಿಂಗ್ ನೋಡುತ್ತಿದ್ದೇನೆ. ಸಾಗರದ ಕಡೆ ಒಂದು ಮನೆಯಲ್ಲಿ ಫ್ರಿಜ್ ಮುಂದೆ ಯಾವಾಗಲೂ ಒಂದು ಮರದ ಮಣೆ ಇರುತ್ತಿತ್ತು. ಫ್ರಿಜ್ ತೆಗೆಯುವವರು ಅದರ ಮೇಲೆ ನಿಂತೇ ತೆಗೆಯಬೇಕು. ಮಕ್ಕಳಿಗೂ ಹಾಗೇ ಅಭ್ಯಾಸ ಮಾಡಿಸಿದ್ದರು. ಕೇಳಿದರೆ, "ಇಲ್ಲಾಂದ್ರೆ ಸ್ವಲ್ಪ ಹೊಡೆಯುತ್ತೆ" ಅಂದರು. ಮನೆಗೆ ಹೋದಾಗ ನಾನು ವೈರಿಗಿಂತ ಮೊದಲು ಹುಡುಕುವುದು ಇಂಥ ಮಣೆಯನ್ನೇ. ಮನೆಯವರು ಯಾವುದನ್ನು ಹೇಗೆ ಮುಟ್ಟಬೇಕು ಅಂತ ಕಲಿತುಬಿಟ್ಟಿದ್ದಾರೆ ಅಂದರೆ ತೊಂದರೆ ಬಹಳ ಹಳೆಯದು. ನಿಮ್ಮ ತಂದೆಯವರು ಏನೂ ಆಗಿಲ್ಲ ಅನ್ನುವುದರಲ್ಲಿ ಸುಳ್ಳಿಲ್ಲ. ಆದರೆ ಆ ಐವತ್ತು ವರ್ಷದಲ್ಲಿ ಬಹುಪಾಲು ಕಾಲ ಆ ವೈರುಗಳ ಮೇಲೆ ಇದ್ದದ್ದು ನಾಲ್ಕಾರು ಬಲ್ಬು, ಒಂದು ರೇಡಿಯೋ ಅಷ್ಟೇ ಅಲ್ವಾ?

ಈಗ ನೀವು ಬರೆದ ಲಕ್ಷಣಗಳಿಗೆ ಬರೋಣ. ನಲ್ಲಿಯಲ್ಲೂ ಶಾಕ್, ಫ್ರಿಜ್‌ನಲ್ಲೂ ಶಾಕ್. ಎರಡೂ ಒಟ್ಟಿಗೇ ಕೆಡುವುದು ಅಪರೂಪ. ಆದರೆ ಇವೆರಡನ್ನೂ ಜೋಡಿಸುವ ಒಂದು ತಂತಿ ಇದೆ, ಅದು ಅರ್ತ್ ತಂತಿ. 1994ರಲ್ಲಿ ಮೂರು ಪಿನ್ನಿನ ಸಾಕೆಟ್ ಹಾಕಿದಾಗ ಎಲ್ಲ ಸಾಕೆಟ್ಟಿನ ಅರ್ತ್ ಪಿನ್ನುಗಳನ್ನು ಒಂದು ತಂತಿಯಲ್ಲಿ ಸೇರಿಸಿ, ಹೊರಗೆ ಗುಂಡಿಯಲ್ಲಿ ಹೂತ ಜಿಐ (ಸತುವಿನ ಲೇಪವಿರುವ ಕಬ್ಬಿಣದ) ಪೈಪಿಗೆ ಕಟ್ಟಿರುತ್ತಾರೆ. ಮೂವತ್ತು ಮಳೆಗಾಲ ಕಳೆದ ಮೇಲೆ ಆ ಪೈಪಿನ ಹತ್ತಿರ ತಂತಿ ತುಕ್ಕು ಹಿಡಿದು ತುಂಡಾಗುತ್ತದೆ. ಮನೆಯೊಳಗೆ ಅರ್ತ್ ತಂತಿ ಇದೆ, ಆದರೆ ಅದು ಭೂಮಿಗೆ ಸೇರಿಲ್ಲ. ಈಗ ಫ್ರಿಜ್ ಆಗಲಿ, ಗೀಸರ್ ಆಗಲಿ, ಪಂಪ್ ಆಗಲಿ, ಯಾವುದೋ ಒಂದರಲ್ಲಿ ಲೀಕ್ ಆದರೆ ಆ ಕರೆಂಟ್ ಅದೇ ತಂತಿ ಹಿಡಿದು ಎಲ್ಲ ಯಂತ್ರಗಳ ಮೈಗೂ ಹಬ್ಬುತ್ತದೆ. ಗೀಸರ್ ಮೈಯಿಂದ ಕಬ್ಬಿಣದ ಪೈಪಿಗೆ, ಪೈಪಿನಿಂದ ನಲ್ಲಿಗೆ. ಕಾಪಾಡಬೇಕಾದ ತಂತಿಯೇ ಶಾಕ್ ಹಂಚುತ್ತದೆ. ಸಾಗರದ ಆ ಮನೆಯಲ್ಲಿ ಅರ್ತ್ ತಂತಿಯನ್ನು ಸುಮ್ನೆ ಎಳೆದೆ, ಕೈಗೇ ಕಿತ್ತು ಬಂತು.

ಗೀಸರ್ ಆಫ್ ಇದ್ದರೂ ಶಾಕ್ ಬರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಹಳೇ ಮನೆಗಳಲ್ಲಿ ಎಷ್ಟೋ ಸ್ವಿಚ್ಚುಗಳು ಫೇಸ್ (ಕರೆಂಟ್ ತರುವ ತಂತಿ) ಬದಲು ನ್ಯೂಟ್ರಲ್ (ವಾಪಸ್ ಒಯ್ಯುವ) ತಂತಿಯಲ್ಲಿ ಕೂತಿರುತ್ತವೆ. ಆಫ್ ಮಾಡಿದಾಗ ಯಂತ್ರ ನಿಲ್ಲುತ್ತದೆ, ಆದರೆ ಫೇಸ್ ಅದರೊಳಗೆ ಹಾಗೇ ಇರುತ್ತದೆ. ಜಗಲಿಯ ಹಳೇ ಬೋರ್ಡಿನ ಪಿಂಗಾಣಿ ಫ್ಯೂಸುಗಳನ್ನೂ ಗಮನಿಸಿ. ಆ ಕಾಲದಲ್ಲಿ ಫೇಸ್‌ಗೆ ಒಂದು, ನ್ಯೂಟ್ರಲ್‌ಗೆ ಒಂದು ಅಂತ ಜೋಡಿ ಫ್ಯೂಸ್ ಹಾಕುತ್ತಿದ್ದರು. ನ್ಯೂಟ್ರಲ್ ಫ್ಯೂಸ್ ಸುಟ್ಟರೆ ದೀಪ ಆರುತ್ತದೆ. ಕರೆಂಟ್ ಹೋಗಿದೆ ಅಂತ ಹೋಲ್ಡರ್‌ಗೆ ಕೈ ಹಾಕಿದವರಿಗೆ ಫೇಸ್ ತಗಲುತ್ತದೆ. ಹೀಗೆ ಪೆಟ್ಟು ತಿಂದವರನ್ನು ನಾನು ಬಲ್ಲೆ.

ಹಾಗಾದರೆ ಆರ್‌ಸಿಸಿಬಿ ಯಾಕೆ ನಿಲ್ಲಲಿಲ್ಲ? ಅದು ನಿಜ ಹೇಳುತ್ತಿತ್ತು. ಫೇಸ್‌ನಲ್ಲಿ ಒಳಗೆ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿದೆಯಾ ಅಂತ ಆರ್‌ಸಿಸಿಬಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ 0.3 ಸೆಕೆಂಡಿನೊಳಗೆ ಲೈನ್ ಕಡಿಯಬೇಕು. ನಿಮ್ಮ ಮನೆಯಲ್ಲಿ ಕರೆಂಟ್ ಎಲ್ಲೋ ದಾರಿ ತಪ್ಪಿ ಹೋಗುತ್ತಿದೆ. ಕಳ್ಳನನ್ನು ಕಂಡು ನಾಯಿ ಬೊಗಳಿತು, ಸದ್ದು ಜಾಸ್ತಿ ಅಂತ ನಾಯಿಯನ್ನು ಓಡಿಸಿದ ಹಾಗಾಯಿತು.

ಲೀಕ್ ಇಲ್ಲದೆಯೂ ಆರ್‌ಸಿಸಿಬಿ ಬೀಳುವ ಒಂದು ಸಂದರ್ಭವಿದೆ, ಅದನ್ನೂ ಹೇಳಿಬಿಡುತ್ತೇನೆ. ಹಳೇ ಮನೆಗಳಲ್ಲಿ ತಂತಿ ಉಳಿಸಲು ಒಂದು ಕೋಣೆಯ ದೀಪಕ್ಕೆ ಪಕ್ಕದ ಲೈನಿನ ನ್ಯೂಟ್ರಲ್ ಕೊಟ್ಟಿರುತ್ತಾರೆ. ಆಮೇಲೆ ಯುಪಿಎಸ್ ಸೇರಿಸಿದವರೂ ಇದನ್ನೇ ಮಾಡುತ್ತಾರೆ. ಒಂದು ಆರ್‌ಸಿಸಿಬಿಯಿಂದ ಹೊರಟ ಕರೆಂಟ್ ಬೇರೆ ದಾರಿಯಲ್ಲಿ ವಾಪಸ್ ಬಂದರೆ ಅದು ಬೀಳಲೇಬೇಕು. ಆಗ ನ್ಯೂಟ್ರಲ್‌ಗಳನ್ನು ಬೇರೆ ಮಾಡಬೇಕು. ಒಂದು ಪೂರ್ತಿ ದಿನ ಹಿಡಿಯುವ, ತಾಳ್ಮೆ ಬೇಡುವ ಕೆಲಸ. ಅದಕ್ಕೇ ಕೆಲವರು ಆರ್‌ಸಿಸಿಬಿ ತೆಗೆದು ಕೈ ತೊಳೆದುಕೊಳ್ಳುತ್ತಾರೆ.

"ಅರ್ತಿಂಗ್ ಸರಿ ಮಾಡಿದರೆ ಸಾಕು, ಆರ್‌ಸಿಸಿಬಿ ಯಾಕೆ" ಅಂತ ಕೇಳುವವರಿದ್ದಾರೆ. ಲೆಕ್ಕ ನೋಡಿ. ನಿಮ್ಮ ಅರ್ತ್ ಗುಂಡಿಯ ರೆಸಿಸ್ಟೆನ್ಸ್ 40 ಓಮ್ ಇದೆ ಅನ್ನೋಣ. ನಮ್ಮ ಜಂಬಿಟ್ಟಿಗೆ ನೆಲ ಏಪ್ರಿಲ್ ಹೊತ್ತಿಗೆ ಒಣಗಿದಾಗ ಇಷ್ಟಾಗುವುದು ದೊಡ್ಡ ಮಾತಲ್ಲ. 230 ವೋಲ್ಟ್ ಪೂರ್ತಿ ಯಂತ್ರದ ಮೈಗೆ ಬಂದರೂ ಭೂಮಿಗೆ ಹರಿಯುವುದು 6 ಆಂಪಿಯರ್‌ಗಿಂತ ಕಡಿಮೆ. 16 ಆಂಪಿಯರ್ ಎಂಸಿಬಿ ಇದನ್ನು ಗಮನಿಸುವುದೇ ಇಲ್ಲ. ಒಳ್ಳೇ ಗುಂಡಿ, 5 ಓಮ್ ಅಂದುಕೊಂಡರೂ 46 ಆಂಪಿಯರ್. ಅಷ್ಟಕ್ಕೂ ಎಂಸಿಬಿ ತಕ್ಷಣ ಬೀಳುತ್ತದೆ ಅನ್ನುವ ಭರವಸೆ ಇಲ್ಲ. 30 ಮಿಲಿಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿಗೆ ಮಾತ್ರ ಈ ಕೆಲಸ ಆಗುತ್ತದೆ. ಹಾಗಂತ ಅರ್ತ್ ಬೇಡವೇ ಅಂದರೆ ಅದೂ ತಪ್ಪು. ಅರ್ತ್ ಇದ್ದರೆ ಲೀಕ್ ಆದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ಅರ್ತ್ ಇಲ್ಲದಿದ್ದರೆ ಯಾರಾದರೂ ಮುಟ್ಟಿ ಅವರ ಮೈಯಲ್ಲಿ ಕರೆಂಟ್ ಹರಿದ ಮೇಲೆ ಬೀಳುತ್ತದೆ. ಎರಡೂ ಬೇಕು.

ಇನ್ನು 32 ಆಂಪಿಯರ್ ಎಂಸಿಬಿ ಮಾತು. ಇದಕ್ಕೆ ಖಂಡಿತ ಒಪ್ಪಬೇಡಿ. 2000 ವಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಇಂಡಕ್ಷನ್ ಒಲೆಯೂ ಹೆಚ್ಚುಕಡಿಮೆ ಅಷ್ಟೇ. ಮಿಕ್ಸಿ 3, ಫ್ರಿಜ್ 1. ಒಟ್ಟು 22. ಎಂಸಿಬಿ ಬಿದ್ದದ್ದು ಸರಿಯಾಗಿಯೇ ಇದೆ. ಅದು ಯಂತ್ರವನ್ನು ಕಾಯಲು ಇರುವುದಲ್ಲ, ಗೋಡೆಯೊಳಗಿನ ವೈರನ್ನು ಕಾಯಲು ಇರುವುದು. ಪೈಪಿನೊಳಗೆ ಹೋದ 1.5 ಚದರ ಮಿಲಿಮೀಟರ್ ತಾಮ್ರದ ವೈರು ತಡೆಯುವುದು ಸುಮಾರು 15 ಆಂಪಿಯರ್. ಅಲ್ಯೂಮಿನಿಯಂ ಆದರೆ ಇನ್ನೂ ಕಡಿಮೆ. ಅದರ ಮೇಲೆ 32 ಹಾಕಿದರೆ ಎಂಸಿಬಿ ಸುಮ್ಮನಿರುತ್ತದೆ, ವೈರು ಬಿಸಿಯಾಗುತ್ತದೆ. ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗುತ್ತದೆ. ಒಂದು ದಿನ ಗೋಡೆಯೊಳಗೆ ಅಥವಾ ಅಟ್ಟದ ಮೇಲೆ ಬೆಂಕಿ. ಮಲೆನಾಡಿನ ಅಟ್ಟ ನಿಮಗೆ ಗೊತ್ತೇ ಇದೆ. ಒಣಗಿದ ಮರ, ಅಡಿಕೆ ಚೀಲ, ಹಳೇ ಬುಟ್ಟಿ, ಮೇಲಿಂದ ಇಲಿ ಕಡಿದ ವೈರು.

ಮುಂಭಾಗದ ಹಳೇ ವೈರಿಂಗ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ತಂತಿ ಬೆಳ್ಳಿ ಬಣ್ಣ ಕಂಡರೆ ಅಲ್ಯೂಮಿನಿಯಂ ಅಂದುಬಿಡುತ್ತಾರೆ. ಹಾಗಿರಲೇಬೇಕು ಅಂತಿಲ್ಲ. ಹಿಂದೆ ತಾಮ್ರದ ಮೇಲೆ ರಬ್ಬರ್ ಹೊದಿಸುತ್ತಿದ್ದರು. ರಬ್ಬರಿನಲ್ಲಿರುವ ಗಂಧಕ ತಾಮ್ರವನ್ನು ತಿನ್ನುತ್ತದೆ ಅಂತ ತಾಮ್ರಕ್ಕೆ ತವರದ ಲೇಪ ಕೊಡುತ್ತಿದ್ದರು. ಮೇನ್ ಆಫ್ ಮಾಡಿದ ಮೇಲೆ ಎಲೆಕ್ಟ್ರಿಷಿಯನ್ ಚಾಕುವಿನಿಂದ ಕೆರೆದು ನೋಡಲಿ. ಒಳಗೆ ಕೆಂಪು ಕಂಡರೆ ತಾಮ್ರ, ಕೊನೆವರೆಗೂ ಬಿಳಿಯೇ ಇದ್ದರೆ ಅಲ್ಯೂಮಿನಿಯಂ. ಆದರೆ ತಾಮ್ರ ಅಂತ ಸಮಾಧಾನ ಪಡುವಂತಿಲ್ಲ. ಐವತ್ತು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿ ಬಿರಿದಿರುತ್ತದೆ. ಮುಟ್ಟದೇ ಇದ್ದರೆ ಹಾಗೇ ಇರುತ್ತದೆ, ಬಗ್ಗಿಸಿದರೆ ಉದುರುತ್ತದೆ. ಹೊಸ ಫ್ಯಾನ್ ಹಾಕುವಾಗ ಸ್ವಲ್ಪ ಎಳೆದರೆ ಸಾಕು, ತೊಂದರೆ ಶುರು.

ಅಲ್ಯೂಮಿನಿಯಂ ಆದರೆ ಅದರ ಸಮಸ್ಯೆ ಬೇರೆ. ತಾಮ್ರ ಹೊರದೇಶದಿಂದ ಬರಬೇಕಾಗಿದ್ದ ಕಾಲದಲ್ಲಿ ಮನೆ ಮನೆಗೂ ಅದನ್ನೇ ಹಾಕಿದರು. ವೈರು ನೇರವಾಗಿ ಓಡುವ ಕಡೆ ಅಷ್ಟೇನೂ ತಕರಾರಿಲ್ಲ, ತಕರಾರೆಲ್ಲ ಜಾಯಿಂಟಿನಲ್ಲಿ. ಅಲ್ಯೂಮಿನಿಯಂ ಮೆದು, ಸ್ಕ್ರೂ ಕೆಳಗೆ ನಿಧಾನವಾಗಿ ಜರುಗುತ್ತದೆ. ಮೇಲೆ ಕರೆಂಟ್ ಹಾಯಲು ಬಿಡದ ಒಂದು ಪದರ ಕಟ್ಟುತ್ತದೆ. ಜಾಯಿಂಟ್ ಸಡಿಲ ಆಗಿ ಕಾಯುತ್ತದೆ, ಕಾದಷ್ಟೂ ಇನ್ನಷ್ಟು ಸಡಿಲ. ಅದಕ್ಕೆ ಹೊಸ ತಾಮ್ರದ ವೈರು ಸುತ್ತಿ ಟೇಪ್ ಹಾಕಿದರಂತೂ ಮಳೆಗಾಲದ ಪಸೆಗೆ ಎರಡು ಲೋಹದ ನಡುವೆ ತುಕ್ಕು ಶುರುವಾಗುತ್ತದೆ. ನಾನು ನೋಡಿದ ಸುಟ್ಟ ಬೋರ್ಡುಗಳಲ್ಲಿ ಜಾಸ್ತಿ ಇಂಥವೇ. ಒಂದು ಮಾತು ನೆನಪಿರಲಿ: ಸಡಿಲ ಜಾಯಿಂಟ್ ಕಾಯುವುದನ್ನು ಎಂಸಿಬಿಯೂ ಕಾಣುವುದಿಲ್ಲ, ಆರ್‌ಸಿಸಿಬಿಯೂ ಕಾಣುವುದಿಲ್ಲ. ಕೈಗೆ ಬಿಸಿ ಅನ್ನಿಸುವ ಸ್ವಿಚ್ ಬೋರ್ಡ್, ಕಂದು ಬಣ್ಣಕ್ಕೆ ತಿರುಗಿದ ಸಾಕೆಟ್, ಚಿರ್ ಅನ್ನುವ ಸದ್ದು, ಕಾರಣವಿಲ್ಲದೆ ಬರುವ ಮೀನಿನಂಥ ವಾಸನೆ. ಇವನ್ನು ಮನೆಯವರೇ ಗಮನಿಸಬೇಕು.

ಹಾಗಾದರೆ ಏನು ಮಾಡುವುದು? ಎಲ್ಲ ಬದಲಿಸು, ಇಲ್ಲಾಂದರೆ ಏನೂ ಮಾಡಬೇಡ ಅಂತ ಎರಡೇ ದಾರಿ ಅಲ್ಲ. ಅಪಾಯ ಎಲ್ಲಿ ಜಾಸ್ತಿಯೋ ಅಲ್ಲಿಂದ ಶುರು ಮಾಡಿ.

ಮೊದಲನೆಯದು ಹೊಸ ಅರ್ತ್ ಗುಂಡಿ, ಹೊಸ ಡಿಬಿ (ಎಂಸಿಬಿಗಳನ್ನೆಲ್ಲ ಕೂರಿಸುವ ಪೆಟ್ಟಿಗೆ), ಅದರಲ್ಲಿ ಆರ್‌ಸಿಸಿಬಿ. ಅಂಗಡಿಯಲ್ಲಿ ಆರ್‌ಸಿಸಿಬಿಯನ್ನು ಇನ್ನೂ ಇಎಲ್‌ಸಿಬಿ ಅನ್ನುತ್ತಾರೆ, ನೀವು 30 ಮಿಲಿಆಂಪಿಯರ್ ಅಂತ ಬಿಡಿಸಿ ಕೇಳಿ. 100, 300ರದ್ದು ಬೆಂಕಿ ತಡೆಯಲು, ಜೀವ ಕಾಯಲು ಅಲ್ಲ. ಒಂದರ ಬದಲು ಎರಡು ಹಾಕಿಸಿ. ಬಚ್ಚಲು, ಪಂಪ್, ಹೊರಗಿನ ಪಾಯಿಂಟುಗಳಿಗೆ ಒಂದು. ಉಳಿದದ್ದಕ್ಕೆ ಇನ್ನೊಂದು. ಮಳೆಗಾಲದಲ್ಲಿ ಪಂಪಿಗೆ ನೀರು ತಾಗಿ ಒಂದು ಬಿದ್ದರೂ ಮನೆಯೊಳಗೆ ದೀಪ, ಫ್ರಿಜ್ ನಡೆಯುತ್ತಿರುತ್ತದೆ. ಇಬ್ಬರೇ ವಯಸ್ಸಾದವರಿರುವ ಮನೆಯಲ್ಲಿ ಇದು ಮುಖ್ಯ. ರಾತ್ರಿ ಪೂರ್ತಿ ಕತ್ತಲಾದರೆ ಬೆಳಿಗ್ಗೆ ಯಾರನ್ನೋ ಕರೆದು ಆರ್‌ಸಿಸಿಬಿಯನ್ನೇ ತೆಗೆಸಿಬಿಡುತ್ತಾರೆ. ಗುಂಡಿಗೆ 2.5 ಮೀಟರ್ ಜಿಐ ಪೈಪ್, ಇದ್ದಿಲು, ಉಪ್ಪು. ಮೇಲೆ ಮುಚ್ಚಳವಿರುವ ಚಿಕ್ಕ ತೊಟ್ಟಿ ಕಟ್ಟಿಸಿ. ಬೇಸಿಗೆಯಲ್ಲಿ ವಾರಕ್ಕೆ ಒಂದೆರಡು ಕೊಡ ನೀರು ಹಾಕಲು ಹೇಳಿ. ಈ ಹಂತಕ್ಕೆ ಗೋಡೆ ಒಡೆಯಬೇಕಾಗಿಲ್ಲ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಶಾಕ್ ಅಪಾಯ ಬಹಳ ತಗ್ಗುತ್ತದೆ, ಬೆಂಕಿಯ ಅಪಾಯ ಹಾಗೇ ಉಳಿಯುತ್ತದೆ.

ಇಲ್ಲೊಂದು ಮೋಸ ನಡೆಯುತ್ತದೆ, ಎಚ್ಚರವಿರಲಿ. ಗುಂಡಿ ತೋಡುವ ಕಷ್ಟ ಯಾಕೆ ಅಂತ ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರು ಕೊಡುತ್ತಾರೆ. ಟೆಸ್ಟ್ ಲ್ಯಾಂಪ್ ಹಿಡಿದರೆ ಉರಿಯುತ್ತದೆ, ಅರ್ತ್ ಬಂತು ಅನ್ನಿಸುತ್ತದೆ. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳುವುದು ಎಷ್ಟು ಮಾಮೂಲು! ನ್ಯೂಟ್ರಲ್ ತಂತಿ ತುಂಡಾದರೆ, ಮನೆಯೊಳಗೆ ಯಾವುದೋ ಒಂದು ಸ್ವಿಚ್ ಆನ್ ಇದ್ದರೂ ಸಾಕು, ಫ್ರಿಜ್, ಗೀಸರ್, ವಾಷಿಂಗ್ ಮೆಷಿನ್ ಎಲ್ಲದರ ಮೈಗೂ 230 ವೋಲ್ಟ್ ಬರುತ್ತದೆ. ನಿಮ್ಮ ಮನೆಯಲ್ಲಿ ಹೀಗೆ ಮಾಡಿದ್ದಾರಾ ಅಂತ ಪ್ರತಿ ಸಾಕೆಟ್ ಬಿಚ್ಚಿಸಿ ನೋಡಿಸಿ.

ಎರಡನೆಯದು ಭಾರದ ಯಂತ್ರಗಳಿಗೆ ಬೇರೆ ಲೈನ್. ಗೀಸರ್‌ಗೆ ಡಿಬಿಯಿಂದಲೇ ಒಂದು 4 ಚದರ ಮಿಲಿಮೀಟರ್ ತಾಮ್ರದ ಲೈನ್, ಅದಕ್ಕೆ ಎರಡೂ ತಂತಿ ಕಡಿಯುವ ಸ್ವಿಚ್. ಇಂಡಕ್ಷನ್ ಒಲೆಗೆ ಒಂದು, ಪಂಪಿಗೆ ಒಂದು. 1994ರ ಭಾಗದಲ್ಲಿ ಪೈಪ್ ಚೆನ್ನಾಗಿದ್ದರೆ ಹಳೇ ವೈರು ಎಳೆದು ಅದೇ ದಾರಿಯಲ್ಲಿ ಹೊಸದು ಹಾಕಬಹುದು. ಪೈಪ್ ಕಟ್ಟಿಕೊಂಡಿದ್ದರೆ ಗೋಡೆ ಮೇಲೆ ಕೇಸಿಂಗ್ ಪಟ್ಟಿ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಹಳೇ ಮನೆಗಳಲ್ಲಿ ತೀರಾ ಕಡಿಮೆ ಇರುತ್ತದೆ, ಮೆಸ್ಕಾಂಗೆ ಅರ್ಜಿ ಕೊಟ್ಟು ಜಾಸ್ತಿ ಮಾಡಿಸಬೇಕಾಗಬಹುದು. ಹಾಗೇ ಬಿಲ್ಲಿನ ಯೂನಿಟ್ಟನ್ನೂ ಗಮನಿಸಿ. ಗೃಹಜ್ಯೋತಿ ಬಂದ ಮೇಲೆ ಕಟ್ಟಬೇಕಾದ ಹಣ ಸೊನ್ನೆ ಅಂತ ಯಾರೂ ಯೂನಿಟ್ ನೋಡುತ್ತಿಲ್ಲ. ಒಂದು ಆಂಪಿಯರ್ ಲೀಕ್ ದಿನವಿಡೀ ಹರಿದರೆ ದಿನಕ್ಕೆ ಐದೂವರೆ ಯೂನಿಟ್. ಯಾವ ಹೊಸ ಯಂತ್ರವೂ ಬಾರದೆ ಯೂನಿಟ್ ಏರಿದ್ದರೆ ಅದೂ ಒಂದು ಸುಳಿವು.

ಮೂರನೆಯದು ಮುಂಭಾಗದ ಮರದ ಪಟ್ಟಿ. ಇದನ್ನು ನಿರ್ಧರಿಸಬೇಕಾದ್ದು ನಾನೂ ಅಲ್ಲ, ನಿಮ್ಮ ತಂದೆಯೂ ಅಲ್ಲ, ಮೆಗ್ಗರ್. ಅದು 500 ವೋಲ್ಟ್ ಹಾಯಿಸಿ ವೈರಿನ ಹೊದಿಕೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಉಪಕರಣ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಲೈನ್ ಇವತ್ತೇ ಬಂದ್. ಜಾಸ್ತಿ ಬಂದರೆ ದೀಪಕ್ಕೆ ಮಾತ್ರ, 6 ಆಂಪಿಯರ್ ಎಂಸಿಬಿ ಇಟ್ಟು, ಒಂದೆರಡು ವರ್ಷ ನಡೆಸಬಹುದು. ಮಳೆಗಾಲದಲ್ಲೇ ಅಳೆಸಿ. ಬೇಸಿಗೆಯ ರೀಡಿಂಗ್ ಚೆನ್ನಾಗಿ ಬರುತ್ತದೆ, ಅದನ್ನು ನಂಬುವ ಹಾಗಿಲ್ಲ. ನನ್ನನ್ನು ಕೇಳಿದರೆ, ರಬ್ಬರ್ ವೈರನ್ನು ಉಳಿಸಿಕೊಳ್ಳಬೇಡಿ. ಇವತ್ತು ಪಾಸಾದ ರಬ್ಬರ್ ಮುಂದಿನ ಸಲ ಯಾರೋ ಹೋಲ್ಡರ್ ಬದಲಿಸುವಾಗ ಉದುರುತ್ತದೆ.

ಗೋಡೆ ಒಡೆಯುವ ಭಯ ಬೇಡ. ಮಣ್ಣಿನ ಗೋಡೆಯಲ್ಲಿ ಪೈಪ್ ಹೂಳಲು ಸೀಳು ಕೊರೆಯುವುದನ್ನು ನಾನೇ ಬೇಡ ಅನ್ನುತ್ತೇನೆ. ಮುಚ್ಚಿಗೆಯ ಮೇಲೆ ಪೈಪ್ ಎಳೆದು, ಬೇಕಾದಲ್ಲಿ ಮಾತ್ರ ಕೆಳಗೆ ಇಳಿಸಬಹುದು. ಇಲಿ ಕಾಟ ಇರುವುದರಿಂದ ಅಟ್ಟದಲ್ಲಿ ಕಬ್ಬಿಣದ ಪೈಪೇ ಆಗಲಿ, ಅದಕ್ಕೂ ಅರ್ತ್ ಕೊಡಬೇಕು. ನಿಮ್ಮ ತಂದೆಗೆ ಆ ಮರದ ಪಟ್ಟಿಯ ಮೇಲೆ ಪ್ರೀತಿ ಇರುವುದು ಸಹಜ. ಒಂದೊಂದು ಅಡಿಗೂ ಅಳತೆ ಇಟ್ಟು ಕ್ಲಿಪ್ ಹೊಡೆದ ಕೆಲಸ ಅದು, ಅಂಥ ಕೈ ಈಗ ಸಿಗುವುದಿಲ್ಲ. ಪಟ್ಟಿ, ಕ್ಲಿಪ್ಪು, ಕಪ್ಪು ದುಂಡು ಸ್ವಿಚ್ಚು ಎಲ್ಲ ಗೋಡೆ ಮೇಲೆ ಹಾಗೇ ಇರಲಿ. ಎರಡೂ ತುದಿ ಬಿಡಿಸಿ ಕರೆಂಟ್ ಮಾತ್ರ ತೆಗೆದರೆ ಸಾಕು. ಇದನ್ನು ಅವರಿಗೆ ಹೇಳಿ ನೋಡಿ. ಒಪ್ಪಿಕೊಂಡವರನ್ನು ನಾನು ಕಂಡಿದ್ದೇನೆ.

1 ಲಕ್ಷ 40 ಸಾವಿರ ಜಾಸ್ತಿಯೋ ಕಡಿಮೆಯೋ ಅನ್ನಲು ಎಷ್ಟು ಪಾಯಿಂಟ್, ಎಷ್ಟು ಲೈನ್, ಯಾವ ಅಳತೆಯ ವೈರು ಅಂತ ಬರೆದುಕೊಟ್ಟಿರಬೇಕು. ಬರೆಸಿಕೊಳ್ಳಿ. ಅದರಲ್ಲಿ ಅರ್ತ್ ಗುಂಡಿ, ಆರ್‌ಸಿಸಿಬಿ ಇಲ್ಲದಿದ್ದರೆ ಬಣ್ಣದ ಸ್ವಿಚ್ಚಿಗೆ ದುಡ್ಡು ಕೊಡುತ್ತಿದ್ದೀರಿ ಅಂತ ಅರ್ಥ. ರಾಜ್ಯದ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟ್ ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ. ಮೊದಲ ಭೇಟಿಗೇ ಮೆಗ್ಗರ್ ತಂದಿದ್ದಾರಾ ನೋಡಿ. ಬರೀ ಟೆಸ್ಟರ್ ಹಿಡಿದು ಬಂದು ದರ ಹೇಳುವವರಿಗೆ ಕೊಡಬೇಡಿ.

ಕೆಲಸ ಮುಗಿಯುವ ದಿನ ನೀವೂ ಊರಲ್ಲಿರಿ. ಪ್ರತಿ ಲೈನಿನ ಮೆಗ್ಗರ್ ರೀಡಿಂಗ್, ಅರ್ತ್ ಗುಂಡಿಯ ಓಮ್, ದಿನಾಂಕ ಒಂದು ಹಾಳೆಯಲ್ಲಿ ಬರೆಸಿ ಡಿಬಿ ಬಾಗಿಲ ಒಳಗೆ ಅಂಟಿಸಿ. ಯಾವ ಎಂಸಿಬಿ ಯಾವುದಕ್ಕೆ ಅಂತ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆಮೇಲೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಅಮ್ಮನ ಕೈಯಲ್ಲೇ ಒತ್ತಿಸಿ. ಟಕ್ ಅಂತ ಬೀಳಬೇಕು. ಮತ್ತೆ ಅವರೇ ಮೇಲೆತ್ತಲಿ. ತಿಂಗಳಿಗೊಮ್ಮೆ ಕ್ಯಾಲೆಂಡರ್ ಹಾಳೆ ತಿರುಗಿಸುವ ದಿನ ಹೀಗೇ ಮಾಡಲು ಹೇಳಿ. ಒತ್ತಿದರೂ ಬೀಳದಿದ್ದರೆ ಅವತ್ತೇ ನಿಮಗೆ ಫೋನ್ ಮಾಡಲಿ.